ಸೋದರಮಾವನ ಸೀಮೆ: ನಾಗಪುರದ ಕುಟುಂಬಗಳಲ್ಲಿ ಉತ್ತರ ಮತ್ತು ದಕ್ಷಿಣ

ಭಾರತದ ಕುಟುಂಬಗಳು ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗಿರುವುದಕ್ಕೆ ಊಟ, ಉಡುಪು, ಹಬ್ಬ, ಹಿರಿಯರ ಮೇಲಿನ ಭಯಭಕ್ತಿ ಮುಂತಾದ ಕಣ್ಣಿಗೆ ಕಾಣುವ ಕಾರಣಗಳನ್ನು ಕೊಡುವುದು ವಾಡಿಕೆಯಾದರೂ, ಮನೆಯೊಳಗಿನ ಬದುಕನ್ನು ರೂಪಿಸುವುದು ಬೇರೆಯೇ ಕೆಲವು ಪ್ರಶ್ನೆಗಳಿಗೆ ಆಯಾ ಸಮುದಾಯ ತಲೆಮಾರುಗಳಿಂದ ಕೊಟ್ಟುಕೊಂಡು ಬಂದಿರುವ ಉತ್ತರ. ಸೊಸೆಯನ್ನು ಎಲ್ಲಿಂದ ತರಬೇಕು, ಎಲ್ಲಿಂದ ತರಕೂಡದು. ಆಸ್ತಿಯಲ್ಲಿ ಮಕ್ಕಳಿಗೆ ಹಕ್ಕು ಹುಟ್ಟುವುದು ಯಾವಾಗ. ಗಂಡುಮಕ್ಕಳಿಲ್ಲದ ಮನೆಗೆ ವಾರಸುದಾರ ಯಾರು. ಸತ್ತವರಿಗೆ ಪಿಂಡ ಇಡುವವರು ಯಾರು ಎಂಬ ಪ್ರಶ್ನೆಗಳು ಅವು. ಇವುಗಳಿಗೆ ಬಗೆಬಗೆಯ ಉತ್ತರಗಳು ಒಂದೇ ಊರಿನಲ್ಲಿ, ಅಕ್ಕಪಕ್ಕದ ಬೀದಿಗಳಲ್ಲಿ ಸಿಗಬೇಕಾದರೆ ಆ ಊರು ಹಲವು ನಾಡುಗಳ ಅಂಚು ಕೂಡುವಲ್ಲಿ ಇರಬೇಕಾಗುತ್ತದೆ. ಮಹಾರಾಷ್ಟ್ರದ ಪೂರ್ವದಲ್ಲಿ, ಮರಾಠಿ, ಹಿಂದಿ, ಗೊಂಡಿ, ತೆಲುಗು ಭಾಷೆಗಳ ಸೀಮೆಗಳು ಒಂದನ್ನೊಂದು ಮುಟ್ಟುವ ಪ್ರದೇಶದಲ್ಲಿರುವ ನಾಗಪುರ ಅಂಥ ಊರು.

ಕುಟುಂಬವ್ಯವಸ್ಥೆಯ ದೃಷ್ಟಿಯಿಂದ ಭಾರತದ ನಕ್ಷೆಯನ್ನು ಮೊದಲು ಬರೆದವರು ಇರಾವತಿ ಕರ್ವೆ. 1905ರಲ್ಲಿ ಬರ್ಮಾದಲ್ಲಿ ಹುಟ್ಟಿ, ಅಲ್ಲಿಯ ಇರಾವತಿ ನದಿಯ ಹೆಸರನ್ನೇ ಪಡೆದು, ಬರ್ಲಿನ್‌ನಲ್ಲಿ ಸಂಶೋಧನೆ ಮಾಡಿ, ವಿಧವಾವಿವಾಹಕ್ಕಾಗಿ ದುಡಿದ ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಸೊಸೆಯಾಗಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಮೂರು ದಶಕ ದುಡಿದ ಈ ಮಾನವಶಾಸ್ತ್ರಜ್ಞೆ 1953ರಲ್ಲಿ ಭಾರತದ ಬಂಧುತ್ವ ವ್ಯವಸ್ಥೆಯ ಕುರಿತ ತಮ್ಮ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದರು. ಬಂಧುತ್ವ ಎಂದರೆ ರಕ್ತಸಂಬಂಧ ಮತ್ತು ಮದುವೆಯ ಸಂಬಂಧಗಳಿಂದ ಕಟ್ಟಿಕೊಂಡ, ಯಾರು ನಮ್ಮವರು, ಯಾರು ಬೀಗರು, ಯಾರು ಎರಡೂ ಅಲ್ಲದವರು ಎಂದು ತೀರ್ಮಾನಿಸುವ ಜಾಲ. ಈ ಜಾಲದ ನೇಯ್ಗೆಯನ್ನು ನೋಡಿ ಕರ್ವೆಯವರು ದೇಶವನ್ನು ಉತ್ತರ, ಮಧ್ಯ, ದಕ್ಷಿಣ, ಪೂರ್ವ ಎಂಬ ನಾಲ್ಕು ವಲಯಗಳಾಗಿ ವಿಂಗಡಿಸಿ, ಮಹಾರಾಷ್ಟ್ರವನ್ನು ಮಧ್ಯ ವಲಯದಲ್ಲಿ ಇಟ್ಟರು. ಉತ್ತರದ ನಿಯಮಗಳೂ ದಕ್ಷಿಣದ ನಿಯಮಗಳೂ ಒಂದಕ್ಕೊಂದು ಎದುರಾಗಿ, ಯಾವುದೂ ಪೂರ್ತಿಯಾಗಿ ಗೆಲ್ಲದ ನೆಲವೆಂದು ಅದಕ್ಕೆ ಅರ್ಥ. ಕರ್ವೆಯವರಿಗೂ, 1942ರಲ್ಲಿ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬವನ್ನು ಕುರಿತು ಪುಸ್ತಕ ಬರೆದ ಎಂ. ಎನ್. ಶ್ರೀನಿವಾಸರಿಗೂ ಮುಂಬಯಿಯಲ್ಲಿ ಗುರುವಾಗಿದ್ದವರು ಜಿ. ಎಸ್. ಘುರ್ಯೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬಹುದು.

ಹೆಣ್ಣು ಹೋಗುವ ದಾರಿ

ಉತ್ತರ ಭಾರತದ ಹಿಂದೂ ಕುಟುಂಬಗಳ ಮೂಲ ನಿಯಮ ಅಪರಿಚಿತತೆಯದು. ತಂದೆಯ ಗೋತ್ರದಲ್ಲಿ ಮದುವೆಯಾಗಬಾರದು, ತಾಯಿಯ ಕಡೆಯ ಹತ್ತಿರದ ಬಂಧುಗಳಲ್ಲೂ ಆಗಬಾರದು, ಹಲವೆಡೆ ಸ್ವಂತ ಊರಿನಲ್ಲಿಯೂ ಆಗಬಾರದು. ಹೀಗೆ ಪರಿಚಿತರನ್ನೆಲ್ಲ ಹೊರಗಿಟ್ಟ ಮೇಲೆ ಹುಡುಗಿ ಸೇರುವುದು ಯಾರ ಮುಖವನ್ನೂ ನೋಡಿರದ ಮನೆಯನ್ನು. ಆದ್ದರಿಂದಲೇ ಅಲ್ಲಿ ಮಗಳ ನಡವಳಿಕೆ ಮತ್ತು ಸೊಸೆಯ ನಡವಳಿಕೆ ಎಂಬ ಎರಡು ಬೇರೆ ಶಿಸ್ತುಗಳು ಬೆಳೆದು, ತವರಿನಲ್ಲಿ ತಲೆಯ ಮೇಲೆ ಸೆರಗಿಲ್ಲದೆ ಓಡಾಡುವವಳು ಅತ್ತೆಯ ಮನೆಯಲ್ಲಿ ಮಾವನ ಎದುರು ಮುಖ ತೋರದವಳಾಗುತ್ತಾಳೆ. ದಕ್ಷಿಣದಲ್ಲಿ ಇದಕ್ಕೆ ವಿರುದ್ಧವಾದ ಆಸೆ ಕೆಲಸ ಮಾಡುತ್ತದೆ. ಹೆಣ್ಣು ದೂರ ಹೋಗಬಾರದು, ಹೊಲ ಹೊರಗೆ ಹೋಗಬಾರದು, ಒಮ್ಮೆ ಬೆಸೆದ ಸಂಬಂಧ ಸಡಿಲವಾಗಬಾರದು ಎಂದು ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವುದು, ಕರ್ನಾಟಕ ಮತ್ತು ಅದರ ನೆರೆಯ ಕೆಲವು ಸೀಮೆಗಳಲ್ಲಿ ಅಕ್ಕನ ಮಗಳನ್ನೇ ಮದುವೆಯಾಗುವುದು ರೂಢಿಯಾಯಿತು. ಅಂಥ ಮನೆಯಲ್ಲಿ ಅತ್ತೆ ಎಂದರೆ ಅಪ್ಪನ ಅಕ್ಕನೋ ತಂಗಿಯೋ ಆಗಿರಬಹುದು, ಅಕ್ಕನ ಮಗಳು ಸೊಸೆಯಾಗಿ ಬಂದರೆ ಅವಳ ಅತ್ತೆ ಅವಳದೇ ಅಜ್ಜಿಯಾಗಿರುತ್ತಾಳೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೂ ಕರ್ನಾಟಕದ ಮದುವೆಗಳಲ್ಲಿ ಸುಮಾರು ನಾಲ್ಕರಲ್ಲೊಂದು ರಕ್ತಸಂಬಂಧದೊಳಗೆ ನಡೆದಿತ್ತು. ದೇಶದ ಸರಾಸರಿ ಶೇ. 11ರಷ್ಟು ಮಾತ್ರ.

ಈ ಎರಡರ ನಡುವಿನ ಜಗಳ ಹೊಸದಲ್ಲ. ಬೌಧಾಯನ ಧರ್ಮಸೂತ್ರವು ದಕ್ಷಿಣದವರ ವಿಲಕ್ಷಣ ಆಚಾರಗಳನ್ನು ಎಣಿಸುವಾಗ ಸೋದರಮಾವನ ಮತ್ತು ಸೋದರತ್ತೆಯ ಮಗಳನ್ನು ಮದುವೆಯಾಗುವುದನ್ನು ಸೇರಿಸಿ, ಉತ್ತರದವರ ಪಟ್ಟಿಯಲ್ಲಿ ಸಮುದ್ರಯಾನ, ಆಯುಧದ ವ್ಯಾಪಾರ ಮುಂತಾದುವನ್ನು ಇಟ್ಟು, ಅವರವರ ನಾಡಿನಲ್ಲಿ ಅವರವರದು ನಡೆಯಲಿ ಎಂಬ ಧಾಟಿಯ ವಾದವನ್ನು ಮುಂದಿಡುತ್ತದೆ. ವಿಜಯನಗರ ಕಾಲದ ಮಾಧವಾಚಾರ್ಯರು ಪರಾಶರಸ್ಮೃತಿಗೆ ಬರೆದ ವ್ಯಾಖ್ಯಾನದಲ್ಲಿ ಸೋದರಮಾವನ ಮಗಳ ಮದುವೆಯನ್ನು ಶಾಸ್ತ್ರದಿಂದಲೇ ಸಮರ್ಥಿಸಲು ಪಟ್ಟ ಶ್ರಮವನ್ನು ನೋಡಿದರೆ, ಪದ್ಧತಿ ಮೊದಲು, ಶಾಸ್ತ್ರದ ಒಪ್ಪಿಗೆ ಆಮೇಲೆ ಎಂಬುದು ಸ್ಪಷ್ಟವಾಗುತ್ತದೆ.

ನಾಗಪುರದ ಸುತ್ತಲಿನ ಮರಾಠಿ ರೈತಾಪಿ ಕುಟುಂಬಗಳು, ಮುಖ್ಯವಾಗಿ ಕುಣಬಿಗಳು, ಈ ಜಗಳವನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ. ಅವರಲ್ಲಿ ಮಾಮಾನ ಮಗಳನ್ನು, ಅಂದರೆ ಸೋದರಮಾವನ ಮಗಳನ್ನು ತರಬಹುದು. ಆತ್ಯಾಳ, ಅಂದರೆ ಸೋದರತ್ತೆಯ ಮಗಳನ್ನು ತರಕೂಡದು. ಅಕ್ಕನ ಮಗಳ ಮಾತಂತೂ ಎತ್ತುವಂತಿಲ್ಲ. ಕನ್ನಡದ ಓದುಗರಿಗೆ ಎರಡೂ ಸೋದರಿಕೆಯೇ ಆಗಿರುವುದರಿಂದ ಈ ಭೇದ ವಿಚಿತ್ರವೆನಿಸಬಹುದಾದರೂ ಇದರ ಹಿಂದೆ ಒಂದು ಲೆಕ್ಕಾಚಾರವಿದೆ. ಉತ್ತರದ ಕಲ್ಪನೆಯಂತೆ ಹೆಣ್ಣು ಕೊಟ್ಟವರು ಕೆಳಗೆ, ಹೆಣ್ಣು ತಂದವರು ಮೇಲೆ. ಮಾವನ ಮಗಳನ್ನು ತಂದರೆ ಅಮ್ಮ ಬಂದ ಮನೆಯಿಂದಲೇ ಸೊಸೆಯೂ ಬರುತ್ತಾಳೆ, ಕೊಡುವವರು ಕೊಡುವವರಾಗಿಯೇ, ತರುವವರು ತರುವವರಾಗಿಯೇ ಉಳಿಯುತ್ತಾರೆ. ಅತ್ತೆಯ ಮಗಳನ್ನು ತಂದರೆ ಹೆಣ್ಣು ಹೋದ ಮನೆಯಿಂದ ಹೆಣ್ಣು ಹಿಂದಿರುಗಿದಂತಾಗಿ, ನಿನ್ನೆಯ ತನಕ ಕೈಮುಗಿದು ನಿಂತಿದ್ದವರು ಇಂದು ಮೇಲಿನ ಬೀಗರಾಗಿ ಕೂರಬೇಕಾಗುತ್ತದೆ. ದಕ್ಷಿಣದ ಪರಿಚಿತತೆಯ ಆಸೆಯನ್ನೂ ಉತ್ತರದ ಮೇಲುಕೀಳಿನ ಕ್ರಮವನ್ನೂ ಒಂದೇ ನಿಯಮದಲ್ಲಿ ಹೊಂದಿಸಿಕೊಂಡ ಈ ಉಪಾಯ ಯಾವ ಶಾಸ್ತ್ರಕಾರನದೂ ಆಗಿರದೆ, ಗಡಿಯಲ್ಲಿ ಬದುಕಿದ ರೈತರದು ಎನ್ನುವುದೇ ಅದರ ಸೊಗಸು. ಬಳಕೆಯ ಮಾತಿನಲ್ಲಿಯೂ ಇದರ ಗುರುತಿದೆ: ಕನ್ನಡದಲ್ಲಿ ಅಮ್ಮನ ತಮ್ಮನೂ ಗಂಡನ ಅಪ್ಪನೂ ಮಾವನೇ ಆಗಿರುವಂತೆ, ಹಳೆಯ ಮರಾಠಿ ಮನೆಗಳಲ್ಲಿ ಸೊಸೆ ಗಂಡನ ತಂದೆಯನ್ನು ಮಾಮಂಜಿ ಎಂದು ಕರೆಯುತ್ತಿದ್ದಳು, ಹಿಂದಿಯ ಮಾಮಾ ಎಂದಿಗೂ ಸಸುರನಾಗುವುದಿಲ್ಲ.

ಇಂದಿಗೂ ನಾಗಪುರದಲ್ಲಿ ಜಾತಿಸಂಘಗಳು ನಡೆಸುವ ವಧೂವರ ಪರಿಚಯ ಮೇಳಾವಾಗಳಲ್ಲಿ ಹಂಚಿಕೆಯಾಗುವ ಮಾಹಿತಿ ಪತ್ರಿಕೆಗಳನ್ನು ನೋಡಿದರೆ, ಎತ್ತರ, ಓದು, ಸಂಬಳಗಳ ಕೆಳಗೆ ಮಾಮಾನ ಕುಲನಾಮ ಮತ್ತು ಊರಿಗೆ ಒಂದು ಪ್ರತ್ಯೇಕ ಸಾಲು, ನಂಟಸ್ತಿಕೆಯ ಅಡ್ಡಹೆಸರುಗಳಿಗೆ ಇನ್ನೊಂದು ಸಾಲು ಇರುತ್ತದೆ. ಮೊದಲನೆಯದು ತಾಯಿಯ ಕುಲ ಯಾವುದೆಂದು ತಿಳಿಸುತ್ತದೆ, ಎರಡನೆಯದು ಈ ಮನೆ ಇದುವರೆಗೆ ಯಾರೊಂದಿಗೆ ಹೆಣ್ಣು ಕೊಟ್ಟು ತಂದಿದೆ ಎಂಬುದರ ಚರಿತ್ರೆ. ಎರಡು ಸಾಲನ್ನು ಓದಿದ ಹಿರಿಯರು ಕಾಗದವನ್ನು ಕೆಳಗಿಡಬೇಕೋ ಕೈಯಲ್ಲಿ ಹಿಡಿದುಕೊಳ್ಳಬೇಕೋ ಎಂಬುದನ್ನು ಭಾವಚಿತ್ರ ನೋಡುವ ಮೊದಲೇ ತೀರ್ಮಾನಿಸಿಬಿಡುತ್ತಾರೆ.

ಊರಿನ ಮೋಮಿನ್‌ಪುರದ ನೇಕಾರ ಮುಸ್ಲಿಮರ ಪೂರ್ವಿಕರಲ್ಲಿ ಹೆಚ್ಚಿನವರು ಉತ್ತರ ಹಿಂದೂಸ್ತಾನದಿಂದ ಬಂದವರು. ಅವರಲ್ಲಿ ಮಾವನ ಮಗಳಂತೆಯೇ ಚಿಕ್ಕಪ್ಪ, ದೊಡ್ಡಪ್ಪನ ಮಗಳ ಮದುವೆಗೂ ಅಡ್ಡಿಯಿಲ್ಲ. ಮಾವನ ಮಗಳನ್ನು ಸಹಜವಾಗಿ ಒಪ್ಪುವ ಕನ್ನಡಿಗರಿಗೂ ತೆಲುಗರಿಗೂ ಚಿಕ್ಕಪ್ಪನ ಮಗಳು ಒಡಹುಟ್ಟಿದವಳು. ಇಬ್ಬರನ್ನೂ ಒಡಹುಟ್ಟಿದವರೆಂದೇ ಎಣಿಸುವ ಹಿಂದಿ ಕುಟುಂಬಕ್ಕೆ ಕನ್ನಡಿಗರ ಭೇದವೂ ಮೋಮಿನರ ಒಪ್ಪಿಗೆಯೂ ಸಮಾನವಾಗಿ ಅಚ್ಚರಿಯದು. ಒಂದು ಮನೆಯವರು ವಾತ್ಸಲ್ಯವೆಂದು ತಿಳಿದದ್ದು ಪಕ್ಕದ ಮನೆಯವರಿಗೆ ಪಾಪವಾಗಿ ಕಾಣುವುದು ಇಂಥ ಕಡೆಗಳಲ್ಲಿ.

ಹಾಲು ಮರಳಿಸುವುದು

ನಾಗಪುರವನ್ನು ಕಟ್ಟಿದವರು ಮರಾಠರಲ್ಲ, ಗೊಂಡರು. ಹದಿನೆಂಟನೆಯ ಶತಮಾನದ ಮೊದಲ ವರ್ಷಗಳಲ್ಲಿ ದೇವಗಡದ ಗೊಂಡ ಅರಸ ಬಖ್ತ್ ಬುಲಂದ್ ಶಾಹ ನಾಗ ನದಿಯ ದಂಡೆಯ ಕೆಲವು ಹಳ್ಳಿಗಳನ್ನು ಸೇರಿಸಿ ಈ ನಗರಕ್ಕೆ ಅಡಿಪಾಯ ಹಾಕಿದ. ಕನ್ನಡ, ತೆಲುಗುಗಳ ದಾಯಾದಿಯಾದ ಗೊಂಡಿ ದ್ರಾವಿಡ ಭಾಷೆ; ಗೊಂಡರ ಕುಟುಂಬಪದ್ಧತಿಯ ಬೇರುಗಳೂ ಅದೇ ಕಡೆಗೆ ಚಾಚಿವೆ. ಪೂಜಿಸುವ ದೇವರುಗಳ ಸಂಖ್ಯೆಯ ಮೇಲೆ ನಾಲ್ಕು ದೇವರ, ಐದು ದೇವರ, ಆರು ದೇವರ, ಏಳು ದೇವರ ಗುಂಪುಗಳೆಂದು ವಿಂಗಡವಾಗಿರುವ ಅವರಲ್ಲಿ ಒಂದೇ ಗುಂಪಿನವರೆಲ್ಲ ಅಣ್ಣತಮ್ಮಂದಿರಾಗಿ, ಬೇರೆ ಗುಂಪಿನವರು ಹೆಣ್ಣು ಕೊಡತಕ್ಕ, ತರತಕ್ಕ ಬೀಗರಾಗುತ್ತಾರೆ. ಕುರುಬರ ಅಥವಾ ಒಕ್ಕಲಿಗರ ಬೆಡಗು, ಬಳಿಗಳನ್ನು ಬಲ್ಲವರಿಗೆ ಇದರ ತರ್ಕ ಹೊಸದೆನಿಸದು. ಒಂದು ಮನೆಯಿಂದ ಹೆಣ್ಣು ತಂದ ಮೇಲೆ ಮುಂದಿನ ತಲೆಮಾರಿನಲ್ಲಿ ಮಗಳನ್ನು ಆ ಮನೆಗೇ ಕೊಡುವುದಕ್ಕೆ ಅವರಲ್ಲಿ ‘ದೂಧ್ ಲೌಟಾನಾ’, ಅಂದರೆ ಹಾಲು ಮರಳಿಸುವುದು ಎಂಬ ಹೆಸರಿದೆ. ತಾಯಿಯ ಎದೆಹಾಲು ಒಂದು ಸಾಲ, ಅದನ್ನು ಮೊಮ್ಮಗಳ ರೂಪದಲ್ಲಿ ತೀರಿಸಬೇಕು ಎಂಬ ಭಾವ. ಕುಣಬಿಗಳು ಮರ್ಯಾದೆಗೇಡೆಂದು ಬಿಟ್ಟ ದಾರಿಯನ್ನೇ ಗೊಂಡರು ಋಣವೆಂದು ಹಿಡಿದಿದ್ದಾರೆ. ತೆರ ಕೊಡಲು ಶಕ್ತಿಯಿಲ್ಲದ ಹುಡುಗ ಮಾವನ ಮನೆಯಲ್ಲಿ ಕೆಲವು ವರ್ಷ ದುಡಿದು ಹುಡುಗಿಯನ್ನು ಪಡೆಯುವ ‘ಲಮಸೇನಾ’ ಪದ್ಧತಿಯೂ ಅವರಲ್ಲಿತ್ತು. ಮನೆಯಳಿಯನಿಗೆ ಎಲ್ಲೆಡೆ ಸಿಗುವ ಹಗುರವಾದ ಮಾತು ಈ ದುಡಿಯುವ ಅಳಿಯನಿಗೆ ಅಷ್ಟಾಗಿ ತಟ್ಟುತ್ತಿರಲಿಲ್ಲ.

ಇವೆಲ್ಲವನ್ನು ದಾಖಲಿಸಿದ ದೊಡ್ಡ ಆಕರ, ಮಧ್ಯಪ್ರಾಂತಗಳ ಬುಡಕಟ್ಟು ಮತ್ತು ಜಾತಿಗಳನ್ನು ಕುರಿತು ಆರ್. ವಿ. ರಸೆಲ್ ಎಂಬ ಅಧಿಕಾರಿ ಹೀರಾಲಾಲ್ ಅವರೊಡನೆ ಸಿದ್ಧಪಡಿಸಿದ, 1916ರಲ್ಲಿ ನಾಲ್ಕು ಸಂಪುಟಗಳಲ್ಲಿ ಹೊರಬಂದ ಗ್ರಂಥ. ಪುಸ್ತಕ ಹೊರಬರುವ ಹೊತ್ತಿಗೆ ರಸೆಲ್ ಬದುಕಿರಲಿಲ್ಲ. 1915ರ ಕೊನೆಯಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಅವರಿದ್ದ ‘ಪರ್ಷಿಯಾ’ ಹಡಗನ್ನು ಜಲಾಂತರ್ಗಾಮಿಯೊಂದು ಮುಳುಗಿಸಿತ್ತು. ಈ ಸಂಪುಟಗಳಲ್ಲಿ ಕನ್ನಡದ ಓದುಗರು ನಿಂತು ನೋಡಬೇಕಾದ ಪುಟಗಳಿವೆ. ನಾಗಪುರದ ಉತ್ತರ ಮತ್ತು ಈಶಾನ್ಯಕ್ಕಿರುವ ಸಿವನಿ, ಬಾಲಾಘಾಟ ಜಿಲ್ಲೆಗಳ ಕಡೆ ಅಲೆದಾಡುತ್ತಿದ್ದ ಗೋಲರ ಎಂಬ ದನಗಾಹಿಗಳೂ, ಚರ್ಮದ ಕೆಲಸ ಮಾಡಿ ವಾದ್ಯ ನುಡಿಸುವ ಹೋಲಿಯಾ ಎಂಬವರೂ ಮನೆಯಲ್ಲಿ ಆಡುತ್ತಿದ್ದುದು ಕನ್ನಡದ ಒಂದು ಬಗೆ. ಗ್ರಿಯರ್ಸನ್ ಸಂಪಾದಿಸಿದ ಭಾಷಾ ಸರ್ವೇಕ್ಷಣೆಯ 1906ರ ದ್ರಾವಿಡ ಸಂಪುಟವೂ ಅದನ್ನು ಕನ್ನಡದ ಉಪಭಾಷೆಗಳ ಸಾಲಿನಲ್ಲೇ ಇರಿಸಿದೆ. ಹೋಲಿಯಾ ಜನ ತಮ್ಮ ಹುಟ್ಟಿನ ಬಗ್ಗೆ ಹೇಳಿಕೊಳ್ಳುತ್ತಿದ್ದ ಕಥೆಯನ್ನು ರಸೆಲ್ ಬರೆದಿಟ್ಟಿದ್ದಾರೆ: ಕೆಲಸ ಹುಡುಕಿಕೊಂಡು ಹೊರಟ ಇಬ್ಬರು ಗೋಲರ ಅಣ್ಣತಮ್ಮಂದಿರಲ್ಲಿ ಒಬ್ಬ ಸತ್ತ ಎತ್ತಿನ ಹೆಣವನ್ನು ಮುಟ್ಟಿ ಎಳೆದು ಹಾಕಬೇಕಾಗಿ ಬಂದು ಜಾತಿಯಿಂದ ಕೆಳಗಾದ, ತಾವು ಅವನ ಸಂತತಿ ಎಂದು. ಜಾತಿಯ ಏಣಿಯನ್ನು ಒಂದೇ ಮನೆಯ ಅಣ್ಣತಮ್ಮಂದಿರ ಪಾಲಿನ ಕಥೆಯಾಗಿ ಹೇಳಿಕೊಂಡ ಈ ಜನ, ಕನ್ನಡನಾಡಿನಿಂದ ನೂರಾರು ಮೈಲಿ ದೂರದಲ್ಲಿ ಮನೆಮಾತನ್ನು ಉಳಿಸಿಕೊಂಡದ್ದಕ್ಕೆ ಅವರವರೊಳಗೇ ನಡೆಯುತ್ತಿದ್ದ ಮದುವೆಗಳೇ ಮುಖ್ಯ ಕಾರಣವಾಗಿರಬೇಕು. ಲಿಪಿ, ಶಾಲೆ, ಮಠಗಳ ಆಸರೆ ಆ ಭಾಷೆಗೆ ಅಲ್ಲಿ ಇರಲಿಲ್ಲ.

ದತ್ತಕ ಒಪ್ಪದ ಕಂಪನಿ

ಗೊಂಡರ ಅರಸುಮನೆಯಲ್ಲಿ ಹುಟ್ಟಿದ ವಾರಸುದಾರಿಕೆಯ ಜಗಳವನ್ನು ತೀರಿಸಲು ಬಂದ ರಘೂಜಿ ಭೋಸಲೆ 1743ರ ಹೊತ್ತಿಗೆ ತಾನೇ ಒಡೆಯನಾಗಿ ಕುಳಿತ. ಅದೇ ಭೋಸಲೆ ಮನೆತನ ನೂರಹತ್ತು ವರ್ಷಗಳ ನಂತರ ಇನ್ನೊಂದು ವಾರಸುದಾರಿಕೆಯ ಪ್ರಶ್ನೆಯಿಂದಲೇ ರಾಜ್ಯ ಕಳೆದುಕೊಂಡಿತು. ಮೂರನೆಯ ರಘೂಜಿ 1853ರ ಡಿಸೆಂಬರಿನಲ್ಲಿ ಗಂಡುಮಕ್ಕಳಿಲ್ಲದೆ, ದತ್ತು ತೆಗೆದುಕೊಳ್ಳದೆ ತೀರಿಕೊಂಡಾಗ ಅರಮನೆಯ ಹೆಂಗಸರ ದೃಷ್ಟಿಯಲ್ಲಿ ಅದೊಂದು ಪರಿಹಾರವಿಲ್ಲದ ಆಪತ್ತಾಗಿರಲಿಲ್ಲ. ಹಿಂದೂ ಕಾನೂನಿನ ಪ್ರಾದೇಶಿಕ ಪಂಥಗಳು ಬೇರೆಲ್ಲದರಂತೆ ಇದರಲ್ಲೂ ಭಿನ್ನವಾಗಿದ್ದವು: ಬಂಗಾಳ ಮತ್ತು ಕಾಶಿಯ ಪಂಥಗಳಲ್ಲಿ ಗಂಡ ಬದುಕಿದ್ದಾಗ ಅನುಮತಿ ಕೊಟ್ಟಿದ್ದರೆ ಮಾತ್ರ ವಿಧವೆ ದತ್ತು ತೆಗೆದುಕೊಳ್ಳಬಹುದಾಗಿತ್ತು, ಮದ್ರಾಸಿನ ಕಡೆ ಅನುಮತಿ ಇಲ್ಲದಿದ್ದರೆ ದಾಯಾದಿಗಳ ಒಪ್ಪಿಗೆ ಸಾಕಿತ್ತು, ಮಿಥಿಲೆಯಲ್ಲಿ ವಿಧವೆಗೆ ಆ ಅಧಿಕಾರವೇ ಇರಲಿಲ್ಲ, ಮರಾಠರ ಸೀಮೆಯಲ್ಲಿ ಗಂಡ ಬೇಡವೆಂದು ಹೇಳಿರದಿದ್ದರೆ ಅವಳ ನಿರ್ಧಾರವೇ ಸಾಕಾಗಿತ್ತು. ಮೂರನೆಯ ರಘೂಜಿ ಸ್ವತಃ ಪಟ್ಟಕ್ಕೆ ಬಂದದ್ದು ಹೀಗೆಯೇ. 1818ರಲ್ಲಿ ಆಗಿನ ಅರಸ ಅಪ್ಪಾ ಸಾಹೇಬನನ್ನು ಪಟ್ಟದಿಂದ ಇಳಿಸಿದ ಮೇಲೆ ಎರಡನೆಯ ರಘೂಜಿಯ ಮಗಳ ಮಗನಾದ ಇವನನ್ನು ಮನೆತನದ ವಿಧವೆಯೊಬ್ಬಳ ಮಡಿಲಿಗೆ ಹಾಕಿ ದತ್ತುಮಾಡಿದ್ದನ್ನು ಕಂಪನಿ ಸರಕಾರ ಯಾವ ತಕರಾರೂ ಇಲ್ಲದೆ ಒಪ್ಪಿತ್ತು.

ಎರಡನೆಯ ಸಲ ಅದು ಒಪ್ಪಲಿಲ್ಲ. ಎರಡನೆಯ ರಘೂಜಿಯ ವಿಧವೆ, ಮನೆಗೆಲ್ಲ ಹಿರಿಯಳಾದ ಬಾಂಕಾಬಾಯಿಯ ನೇತೃತ್ವದಲ್ಲಿ ರಾಣಿಯರು ಯಶವಂತರಾವ್ ಎಂಬ ಬಂಧುಗಳ ಹುಡುಗನನ್ನು ದತ್ತು ತೆಗೆದುಕೊಂಡರೂ, ರೆಸಿಡೆಂಟನಾಗಿದ್ದ ಮ್ಯಾನ್ಸೆಲ್ ಮನೆತನವನ್ನು ಉಳಿಸುವುದೇ ಲೇಸೆಂದರೂ, ಗವರ್ನರ್ ಜನರಲ್ ಡಾಲ್‌ಹೌಸಿ 1854ರಲ್ಲಿ ರಾಜ್ಯವನ್ನು ವಶಪಡಿಸಿಕೊಂಡು ಅರಮನೆಯ ಆನೆ, ಕುದುರೆ, ಒಡವೆಗಳನ್ನು ಹರಾಜಿಗೆ ಇಡಿಸಿದ. ಮನೆತನವೊಂದರ ಒಳಗಿನ ಪದ್ಧತಿಯನ್ನು ಪದ್ಧತಿಯೆಂದು ಒಪ್ಪುವುದೂ ಬಿಡುವುದೂ ಅಧಿಕಾರವಿದ್ದವರ ಅನುಕೂಲಕ್ಕೆ ಬಿಟ್ಟ ವಿಷಯವೆಂಬುದು ನಾಗಪುರಕ್ಕೆ ಹಾಗೆ ತಿಳಿಯಿತು. ಬಾಂಕಾಬಾಯಿಗೆ ಮಾತ್ರ ಜನರ ನೆನಪಿನಲ್ಲಿ ನ್ಯಾಯ ಸಿಗಲಿಲ್ಲವೆಂದೇ ಹೇಳಬೇಕು. ಶ್ರಾವಣದ ಅಮಾವಾಸ್ಯೆಯಂದು ಎತ್ತುಗಳ ಹಬ್ಬವಾದ ಪೋಳಾ ಮುಗಿದ ಮರುದಿನ, ರೋಗರುಜಿನಗಳನ್ನೆಲ್ಲ ಹೊತ್ತೊಯ್ಯೆಂದು ಕೂಗುತ್ತ ಹಳದಿ ಮತ್ತು ಕಪ್ಪು ಬಣ್ಣದ ಎರಡು ಭಾರಿ ಹೆಣ್ಣುಬೊಂಬೆಗಳನ್ನು ಮೆರವಣಿಗೆಯಲ್ಲಿ ಒಯ್ದು ಸುಡುವ ಮಾರಬತ್ ಉತ್ಸವದಲ್ಲಿ, ಕಪ್ಪು ಬೊಂಬೆ ಇಂಗ್ಲಿಷರ ಜೊತೆ ಸೇರಿದ ಬಾಂಕಾಬಾಯಿಯದೆಂದು ಊರವರು ಹೇಳುತ್ತಾರೆ. 1857ರಲ್ಲಿ ಅವಳು ಬಂಡಾಯದ ಕಡೆ ನಿಲ್ಲದೆ ಇದ್ದದ್ದು ನಿಜ. ಅದಕ್ಕೆ ಮೂರು ವರ್ಷ ಮೊದಲು ಕಂಪನಿಯೊಡನೆ ದತ್ತಕದ ಹಕ್ಕಿಗಾಗಿ ವಾದಿಸಿದ ಮುದುಕಿಯೂ ಅವಳೇ.

ಕಲ್ಯಾಣದಿಂದ ಬಂದ ಕಾನೂನು

ಆಸ್ತಿಯ ವಿಷಯದಲ್ಲಿ ನಾಗಪುರದ ಬಹುಪಾಲು ಹಿಂದೂ ಕುಟುಂಬಗಳು ಶತಮಾನಗಳ ಕಾಲ ಪಾಲಿಸಿದ ಕಾನೂನು ಕನ್ನಡನಾಡಿನಲ್ಲಿ ಬರೆಯಲ್ಪಟ್ಟದ್ದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟು. ಅಪ್ಪ ಆಸ್ತಿಯ ಯಜಮಾನನೇ ಹೊರತು ಪೂರ್ಣ ಒಡೆಯನಲ್ಲ. ಬಂಗಾಳದಲ್ಲಿ ನಡೆದದ್ದು ಜೀಮೂತವಾಹನನ ‘ದಾಯಭಾಗ’. ಅದರಂತೆ ಅಪ್ಪ ಸಾಯುವವರೆಗೆ ಮಗನಿಗೆ ಯಾವ ಹಕ್ಕೂ ಇಲ್ಲ, ಗಂಡುಮಕ್ಕಳಿಲ್ಲದೆ ಸತ್ತವನ ಪಾಲು ಅವಿಭಕ್ತ ಕುಟುಂಬದಲ್ಲೂ ವಿಧವೆಗೆ ಸಿಗುತ್ತದೆ. ಬಂಗಾಳ–ನಾಗಪುರ ರೈಲ್ವೆ ಬಂದ ಮೇಲೆ, ಗುಮಾಸ್ತಿಕೆಗೂ ವಕೀಲಿಗೂ ಇಲ್ಲಿಗೆ ಬಂದು ನೆಲೆಸಿದ ಬಂಗಾಳಿ ಕುಟುಂಬಗಳು ತಮ್ಮ ಕಾನೂನನ್ನೂ ಹೊತ್ತುಕೊಂಡೇ ಬಂದವು, ಏಕೆಂದರೆ ವಲಸೆ ಹೋದ ಹಿಂದೂ ಕುಟುಂಬಕ್ಕೆ ಅದು ಬಿಟ್ಟುಬಂದ ನಾಡಿನ ಪಂಥವೇ ಅನ್ವಯಿಸುತ್ತದೆಂದು ನ್ಯಾಯಾಲಯಗಳು ಭಾವಿಸುತ್ತಿದ್ದವು. ಒಂದೇ ಕಚೇರಿಯಲ್ಲಿ ಪಕ್ಕಪಕ್ಕದ ಮೇಜಿನ ಇಬ್ಬರು ಗುಮಾಸ್ತರಲ್ಲಿ ಮರಾಠಿಯವನ ಎಳೆಗೂಸಿಗೆ ಅಜ್ಜನ ಹೊಲದಲ್ಲಿ ಪಾಲಿತ್ತು, ಬಂಗಾಳಿಯವನ ಬೆಳೆದ ಮಗನಿಗೆ ಇರಲಿಲ್ಲ. ಅಪ್ಪ ಮಕ್ಕಳ ನಡುವಿನ ಮಾತುಕತೆಯ ಧಾಟಿ ಈ ಎರಡು ಮನೆಗಳಲ್ಲಿ ಒಂದೇ ತೆರನಾಗಿರಲು ಹೇಗೆ ಸಾಧ್ಯ?

ವಿಜ್ಞಾನೇಶ್ವರ ಇನ್ನೊಂದು ಮಾತನ್ನೂ ನಿಷ್ಕರ್ಷೆ ಮಾಡಿದ. ಯಾರನ್ನು ಮದುವೆಯಾಗಬಾರದೋ ಆ ‘ಸಪಿಂಡ’ರೆಂದರೆ ಒಂದೇ ದೇಹದ ಅಂಶವನ್ನು ಹಂಚಿಕೊಂಡವರು ಎಂದ ಅವನ ವ್ಯಾಖ್ಯೆ, ಸೋದರಮಾವನ ಮಗಳನ್ನು ತರುವ ಜನರ ನಡುವೆಯೇ ಕುಳಿತು ಬರೆದದ್ದೆಂಬುದು ಸ್ವಾರಸ್ಯಕರ. 1955ರ ಹಿಂದೂ ವಿವಾಹ ಕಾಯ್ದೆ ಅವನ ಲೆಕ್ಕವನ್ನು ತಗ್ಗಿಸಿ ತಂದೆಯ ಕಡೆ ಐದು, ತಾಯಿಯ ಕಡೆ ಮೂರು ತಲೆಮಾರಿಗೆ ಇಳಿಸಿತು, ಜೊತೆಗೆ ರೂಢಿಯಿದ್ದರೆ ಈ ನಿಷೇಧವೂ ಇಲ್ಲವೆಂಬ ಒಂದು ವಾಕ್ಯವನ್ನು ಸೇರಿಸಿತು. ಕುಣಬಿಯ ಮಾಮಾನ ಮಗಳೂ ಕನ್ನಡಿಗರ ಅಕ್ಕನ ಮಗಳೂ ಕಾನೂನಿನ ಒಳಗೆ ಬಂದದ್ದು ಆ ಒಂದು ವಾಕ್ಯದ ಬಾಗಿಲಿನಿಂದ.

ಮಗ್ಗವೂ ಒಲೆಯೂ

ಮದುವೆ, ಆಸ್ತಿಗಳಷ್ಟೇ ಬಲವಾಗಿ ಕಸುಬು ಕೂಡ ಕುಟುಂಬವನ್ನು ಕಟ್ಟುತ್ತದೆ. ನಾಗಪುರದ ಹಲ್ಬಾ ಕೋಷ್ಟಿ ನೇಕಾರರ ಮನೆಯಲ್ಲಿ ಕೈಮಗ್ಗವೇ ಯಜಮಾನ: ಗಂಡಸು ನೇಯಬೇಕಾದರೆ ಹೆಂಗಸು ನೂಲು ಸುತ್ತಬೇಕು, ಮಕ್ಕಳು ಕಂಡಿಕೆ ತುಂಬಬೇಕು, ಎಲ್ಲರೂ ಸೇರಿ ಹಾಸುನೂಲಿಗೆ ಗಂಜಿ ಹಾಕಬೇಕು. ದುಡಿಯುವ ಕೈಯಾದ ಹೆಣ್ಣಿಗೆ ಅಂಥ ಮನೆಯಲ್ಲಿ ಮಾತೂ ಇರುತ್ತದೆ. 1877ರ ಹೊಸ ವರ್ಷದ ದಿನ ಜೆಮ್‌ಶೆಟ್‌ಜಿ ಟಾಟಾ ಆರಂಭಿಸಿದ ಎಂಪ್ರೆಸ್ ಗಿರಣಿಯ ಬಟ್ಟೆ ಮತ್ತು ಆಮೇಲಿನ ವಿದ್ಯುತ್ ಮಗ್ಗಗಳು ಈ ಮನೆಗಳ ಮಗ್ಗವನ್ನು ಕಸಿದುಕೊಂಡಾಗ ಹಲವು ಕುಟುಂಬಗಳನ್ನು ಉಳಿಸಿದ್ದು ಅಡುಗೆಮನೆ. ಮನೆಯ ಮುಂಭಾಗದಲ್ಲೇ ನಾಲ್ಕು ಜನ ಕೂರುವಂತೆ ಮಾಡಿ, ಎಣ್ಣೆ ತೇಲುವ, ಕಣ್ಣಲ್ಲಿ ನೀರು ತರಿಸುವ ಮಾಂಸದ ಸಾರನ್ನು ಬಡಿಸುವ ಸಾವಜಿ ಖಾನಾವಳಿಗಳು ಹೀಗೆ ಬೆಳೆದವು. ಹುಬ್ಬಳ್ಳಿ, ಧಾರವಾಡ, ಗದಗದ ಸಾವಜಿ ಊಟವನ್ನು ಬಲ್ಲವರಿಗೆ ಹೆಸರು ಪರಿಚಿತ. ಅಲ್ಲಿ ಅದನ್ನು ನಡೆಸುವವರು ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರು, ಅವರದೂ ನೇಯ್ಗೆಯ ಕಸುಬೇ. ಎರಡು ಬೇರೆ ಸಮುದಾಯಗಳು, ಎರಡು ದೂರದ ಊರುಗಳು, ಆದರೆ ಮಗ್ಗದ ಮನೆ ಊಟದ ಮನೆಯಾದ ಪರಿ ಒಂದೇ.

1956

ಇಲ್ಲಿಯವರೆಗೆ ಹೇಳಿದ ಭೇದಗಳೆಲ್ಲ ಹಿರಿಯರಿಂದ ಬಂದವು. ಸಂಸ್ಕೃತಿಯನ್ನು ಹೊಸದಾಗಿ ನಿರ್ಧರಿಸಿ ಕಟ್ಟಿಕೊಳ್ಳಲೂಬಹುದು ಎಂಬುದಕ್ಕೆ ನಾಗಪುರಕ್ಕಿಂತ ದೊಡ್ಡ ನಿದರ್ಶನ ದೇಶದಲ್ಲಿ ಇನ್ನೊಂದಿಲ್ಲ. 1942ರ ಜುಲೈಯಲ್ಲಿ ಇಲ್ಲಿ ಸೇರಿದ ಅಖಿಲ ಭಾರತ ದಲಿತ ವರ್ಗಗಳ ಸಮ್ಮೇಳನದ ಜೊತೆಗೆ ಸುಲೋಚನಾಬಾಯಿ ಡೋಂಗ್ರೆಯವರ ಅಧ್ಯಕ್ಷತೆಯಲ್ಲಿ ಮಹಿಳೆಯರ ಪ್ರತ್ಯೇಕ ಸಮ್ಮೇಳನವೂ ನಡೆಯಿತು. ಅಲ್ಲಿ ಡಾ. ಅಂಬೇಡ್ಕರ್ ಸಾವಿರಾರು ಹೆಂಗಸರಿಗೆ, ಸಮುದಾಯದ ಪ್ರಗತಿಯನ್ನು ತಾವು ಅಳೆಯುವುದು ಅದರ ಹೆಂಗಸರ ಪ್ರಗತಿಯಿಂದ ಎಂದು, ಮಕ್ಕಳ ಮದುವೆಗೆ ಅವಸರಪಡಬಾರದೆಂದು, ಹೆಂಡತಿ ಗಂಡನಿಗೆ ಗೆಳತಿಯಾಗಿ, ಸಮಾನಳಾಗಿ ನಿಲ್ಲಬೇಕೆಂದು ಹೇಳಿದರು. ವಿಚ್ಛೇದನದ ಹಕ್ಕು ಬೇಕು, ಬಹುಪತ್ನಿತ್ವ ನಿಲ್ಲಬೇಕು ಎಂಬ ಠರಾವುಗಳನ್ನು ಆ ಹೆಂಗಸರು ಅಂಗೀಕರಿಸಿದ್ದು ಹಿಂದೂ ವಿವಾಹ ಕಾಯ್ದೆಗೆ ಹದಿಮೂರು ವರ್ಷ ಮೊದಲು. ಅವರಲ್ಲಿ ಕೂಲಿಗೂ ಗಿರಣಿಗೂ ಹೋಗಿ ಸ್ವಂತ ದುಡಿಮೆಯ ಹಣ ಕಂಡವರಿದ್ದರು; ಮೇಲ್ಜಾತಿಯ ಮನೆಗಳಲ್ಲಿ ಸುಧಾರಕರು ಹೆಂಗಸರ ಪರವಾಗಿ ಮಾತಾಡುತ್ತಿದ್ದಾಗ ಇಲ್ಲಿ ಹೆಂಗಸರೇ ವೇದಿಕೆಯ ಮೇಲಿದ್ದರು.

1956ರ ಅಕ್ಟೋಬರ್ 14ರಂದು, ಈಗ ದೀಕ್ಷಾಭೂಮಿ ಎನ್ನುವ ಬಯಲಿನಲ್ಲಿ, ಅಂಬೇಡ್ಕರ್ ಬೌದ್ಧಧರ್ಮವನ್ನು ಸ್ವೀಕರಿಸಿ ಲಕ್ಷಾಂತರ ಅನುಯಾಯಿಗಳಿಗೆ 22 ಪ್ರತಿಜ್ಞೆಗಳನ್ನು ಬೋಧಿಸಿದರು. ಅವುಗಳಲ್ಲಿ ದೇವರುಗಳನ್ನು ನಿರಾಕರಿಸುವ ಮೊದಲ ಕೆಲವು ಹೆಚ್ಚು ಚರ್ಚೆಯಾಗಿವೆಯಾದರೂ, ಮನೆಯ ಮಟ್ಟಿಗೆ ಹೆಚ್ಚು ಆಳಕ್ಕೆ ಹೋದವು ಆರನೆಯದು ಮತ್ತು ಎಂಟನೆಯದು: ಶ್ರಾದ್ಧ ಮಾಡುವುದಿಲ್ಲ, ಪಿಂಡ ಇಡುವುದಿಲ್ಲ, ಬ್ರಾಹ್ಮಣರಿಂದ ಯಾವ ಕರ್ಮವನ್ನೂ ಮಾಡಿಸುವುದಿಲ್ಲ. ಸತ್ತವನ ಸದ್ಗತಿಗೆ ಗಂಡುಮಗ ಬೇಕೇಬೇಕು, ಇಲ್ಲವಾದರೆ ದತ್ತುವಾದರೂ ಬೇಕು ಎಂಬ ನಂಬಿಕೆ ನಿಂತಿರುವುದು ಪಿಂಡದ ಮೇಲೆ. ಪಿಂಡವನ್ನೇ ಬಿಟ್ಟ ಮನೆಯಲ್ಲಿ ಮಗನ ಮೇಲಿನ ಮೋಹ ಉಳಿಯಬಹುದಾದರೂ ಅದಕ್ಕೆ ಧರ್ಮದ ನೆಪ ಉಳಿಯುವುದಿಲ್ಲ. ಮದುವೆಯ ಚಿತ್ರವೂ ಬದಲಾಯಿತು. ಅಂತರಪಟ, ಹೋಮ, ಮುಹೂರ್ತಗಳಿಲ್ಲದೆ, ಬುದ್ಧನ ಮೂರ್ತಿ ಮತ್ತು ಅಂಬೇಡ್ಕರರ ಭಾವಚಿತ್ರದ ಮುಂದೆ ಬಿಳಿಯುಟ್ಟ ವಧೂವರರು ನಿಂತು, ನೆರೆದವರೊಡನೆ ತ್ರಿಶರಣ ಪಂಚಶೀಲಗಳನ್ನು ಹೇಳಿ ಹಾರ ಬದಲಾಯಿಸಿಕೊಂಡರೆ ಮದುವೆಯಾಯಿತು. ಬಿಳಿ ಬಟ್ಟೆ ವಿಧವೆಯ ಗುರುತೆಂದು ನೆರೆಹೊರೆ ಇನ್ನೂ ನಂಬಿದ್ದ ಕಾಲದಲ್ಲಿ ಮದುಮಗಳಿಗೆ ಬಿಳಿ ಸೀರೆ ಉಡಿಸಿದ ಧೈರ್ಯವನ್ನು ಕಡಿಮೆಯೆನ್ನುವಂತಿಲ್ಲ. ಆದರೂ ಎಲ್ಲವೂ ಬದಲಾಯಿತು ಎನ್ನುವುದು ಅತಿಶಯೋಕ್ತಿ: ಬೌದ್ಧ ಕುಟುಂಬಗಳಲ್ಲಿ ಬಹಳಷ್ಟು ಹಳೆಯ ಸಮುದಾಯದೊಳಗೇ ಹೆಣ್ಣು ಕೊಟ್ಟು ತರುವುದನ್ನು ಮುಂದುವರಿಸಿವೆ, ಮಾಮಾನ ಕುಲನಾಮದ ಸಾಲು ಅವರ ಮಾಹಿತಿ ಪತ್ರಿಕೆಗಳಲ್ಲೂ ಮಾಯವಾಗಿಲ್ಲ.

ಜಾತಿಯ ಆಚೆಗೆ ಹೋದ ಮದುವೆಯ ಅನುಭವವನ್ನು ಕುಮುದ್ ಪಾವಡೆಯವರ ‘ಅಂತಃಸ್ಫೋಟ’ದಷ್ಟು ನೇರವಾಗಿ ಹೇಳಿದ ಪುಸ್ತಕಗಳು ಕಡಿಮೆ. ನಾಗಪುರದ ಮಹಾರ್ ಕುಟುಂಬದಲ್ಲಿ ಹುಟ್ಟಿ, ಸಂಸ್ಕೃತದಲ್ಲಿ ಎಂ. ಎ. ಮಾಡಿ, ಮೇಲಿನ ಜಾತಿಯವರನ್ನು ಮದುವೆಯಾಗಿ, ಸಂಸ್ಕೃತದ ಪ್ರಾಧ್ಯಾಪಕರಾದ ಅವರು 1981ರ ಈ ಪುಸ್ತಕದಲ್ಲಿ, ತವರಿನ ಸೋಮಕುವರ್ ಎಂಬ ಅಡ್ಡಹೆಸರಿದ್ದಷ್ಟು ಕಾಲ ಸಿಗದ ಕೆಲಸ ಗಂಡನ ಅಡ್ಡಹೆಸರು ಬಂದ ಮೇಲೆ ಸಿಕ್ಕಿತೆಂದು ಬರೆದಿದ್ದಾರೆ. ಮದುವೆಯ ದಿನ ಸೊಸೆಯ ಅಡ್ಡಹೆಸರಿನ ಜೊತೆಗೆ ಅವಳ ಸ್ವಂತ ಹೆಸರನ್ನೂ ಬದಲಾಯಿಸಿ, ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಬರೆಸುವ ಮರಾಠಿ ಪದ್ಧತಿಯಲ್ಲಿ ಬಹುತೇಕ ಹೆಂಗಸರು ಕಳೆದುಕೊಳ್ಳುವುದನ್ನು ಮಾತ್ರ ಕಾಣುವ ಸುಧಾರಕರಿಗೆ, ಹೆಸರು ಬದಲಾದದ್ದರಿಂದಲೇ ಬಾಗಿಲು ತೆರೆದ ಈ ಪ್ರಕರಣ ಒಂದು ತೊಡಕಿನ ಉತ್ತರ.

ಅದೇ 1956ರ ಜೂನಿನಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ, ಡಿಸೆಂಬರಿನಲ್ಲಿ ದತ್ತಕ ಕಾಯ್ದೆ ಬಂದವು. ಇವೆರಡರ ನಡುವೆ ನವೆಂಬರ್ 1ರಂದು ನಾಗಪುರ ಮಧ್ಯಪ್ರದೇಶದ ರಾಜಧಾನಿಯ ಪಟ್ಟ ಕಳೆದುಕೊಂಡು ಮುಂಬಯಿ ರಾಜ್ಯ ಸೇರಿತು. ಕಾಶಿ, ಮುಂಬಯಿ, ಮಿಥಿಲೆ, ಮದ್ರಾಸುಗಳ ಪಂಥಭೇದಗಳನ್ನೆಲ್ಲ ಅಳಿಸಿ, ವಿಧವೆಗೆ ತನ್ನ ಹೆಸರಿನಲ್ಲೇ ದತ್ತು ತೆಗೆದುಕೊಳ್ಳುವ ಹಕ್ಕನ್ನೂ, ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುವ ಅವಕಾಶವನ್ನೂ ದತ್ತಕ ಕಾಯ್ದೆ ಕೊಟ್ಟಿತು. ಭೋಸಲೆ ಅರಮನೆಯ ಹೆಂಗಸರಿಗೆ ನೂರು ವರ್ಷ ತಡವಾಗಿ ಬಂದ ನ್ಯಾಯ ಅದು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಕೊಡಲು ಮಹಾರಾಷ್ಟ್ರ, ಕರ್ನಾಟಕಗಳೆರಡೂ 1994ರಲ್ಲಿ ತಿದ್ದುಪಡಿ ಜಾರಿಗೆ ತಂದವು, 2005ರಲ್ಲಿ ಅದು ಇಡೀ ದೇಶಕ್ಕೆ ಬಂತು, 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು 2005ರ ಹೊತ್ತಿಗೆ ತಂದೆ ಬದುಕಿರದಿದ್ದರೂ ಮಗಳ ಹಕ್ಕು ಹಕ್ಕೇ ಎಂದಿತು.

ಹಕ್ಕಸೋಡ್

ಕಾನೂನು ಹೀಗೆ ಸಮವಾದ ಮೇಲೆ ಸಂಸ್ಕೃತಿ ಉಪನೋಂದಣಾಧಿಕಾರಿಯ ಕಚೇರಿಗೆ ಬಂದು ಕೂರುತ್ತದೆ. ತಂದೆ ತೀರಿಕೊಂಡ ಮೇಲೆ ಮಹಾರಾಷ್ಟ್ರದ ಪಹಣಿಯಾದ ಸಾತ್‌ಬಾರಾದಲ್ಲಿ ವಾರಸುದಾರರೆಂದು ಗಂಡುಮಕ್ಕಳ ಜೊತೆಗೆ ಹೆಣ್ಣುಮಕ್ಕಳ ಹೆಸರೂ ದಾಖಲಾಗುತ್ತದೆ. ಆ ಬದಲಾವಣೆಗೆ ಫೇರ್‌ಫಾರ್ ಎನ್ನುತ್ತಾರೆ. ಸ್ವಲ್ಪ ಕಾಲದಲ್ಲೇ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕರೆದುಕೊಂಡು ಹೋಗಿ, ನಮ್ಮ ಹಕ್ಕನ್ನು ಸ್ವಸಂತೋಷದಿಂದ ಬಿಟ್ಟಿದ್ದೇವೆ ಎಂಬ ಹಕ್ಕಸೋಡ್ ಪತ್ರಕ್ಕೆ ಸಹಿ, ಹೆಬ್ಬೆಟ್ಟು, ಭಾವಚಿತ್ರ ಮಾಡಿಸುತ್ತಾರೆ, ಮುಂದಿನ ಫೇರ್‌ಫಾರ್‌ನಲ್ಲಿ ಆ ಹೆಸರುಗಳು ಹೊರಬರುತ್ತವೆ. ಕರ್ನಾಟಕದ ಹಕ್ಕು ಬಿಡುಗಡೆ ಪತ್ರಕ್ಕೂ ಇದಕ್ಕೂ ಭಾಷೆಯ ವ್ಯತ್ಯಾಸವಷ್ಟೆ. ಇದನ್ನು ಬರಿಯ ಮೋಸವೆಂದು ತಳ್ಳಿಹಾಕುವುದು ಸುಲಭ, ಆದರೆ ಸಹಿ ಹಾಕುವವಳ ಲೆಕ್ಕವೂ ಸಣ್ಣದಲ್ಲ: ದೀಪಾವಳಿಯ ಭಾವೂಬೀಜ್‌ಗೆ ಬಂದು ನಿಲ್ಲಲು ತವರುಮನೆಯೊಂದು ಬೇಕು, ಗಂಡನ ಮನೆಯಲ್ಲಿ ಹೆಚ್ಚುಕಡಿಮೆಯಾದರೆ ಮಾತಾಡಲು ಅಣ್ಣನೊಬ್ಬ ಬೇಕು, ಮಕ್ಕಳ ಮದುವೆಯಲ್ಲಿ ಮಂಟಪಕ್ಕೆ ಕೈಹಿಡಿದು ಕರೆತರಲು ಮಾಮಾ ಬೇಕು. ಸೋದರಮಾವನೇ ಬೀಗನಾಗುವ ಕುಟುಂಬಗಳಲ್ಲಿ ಅಕ್ಕ ಬಿಟ್ಟುಕೊಟ್ಟ ಹೊಲ, ಅವಳ ಮಗನಿಗೆ ತಮ್ಮ ತನ್ನ ಮಗಳನ್ನು ಕೊಟ್ಟಾಗ, ಬಳಗ ಬಿಟ್ಟು ಹೊರಗೆ ಹೋಗಿರುತ್ತಿರಲಿಲ್ಲ. ಅಂಥ ಮದುವೆಗಳು ವಿರಳವಾಗಿ, ಮಕ್ಕಳು ಪುಣೆ, ಬೆಂಗಳೂರುಗಳಲ್ಲಿ ತಾವೇ ಜೊತೆ ಹುಡುಕಿಕೊಳ್ಳತೊಡಗಿದ ಮೇಲೆ ಆ ಭರವಸೆಯ ಆಧಾರವೇ ತೆಳುವಾಗಿದೆ. ಹೊಲದ ಬೆಲೆ ಎಕರೆಗೆ ಸಾವಿರಗಳಲ್ಲಿದ್ದಾಗ ಮೌನವಾಗಿ ನಡೆಯುತ್ತಿದ್ದ ಈ ವ್ಯವಹಾರ, ವಿಮಾನ ನಿಲ್ದಾಣದ ಸುತ್ತಲಿನ ಮಿಹಾನ್ ಯೋಜನೆಗೂ ಹೊರವರ್ತುಲ ರಸ್ತೆಗಳಿಗೂ ಜಮೀನು ಹೋಗಿ ಪರಿಹಾರದ ಮೊತ್ತಗಳು ಬರತೊಡಗಿದ ಮೇಲೆ ಅಷ್ಟು ಮೌನವಾಗಿ ಉಳಿದಿಲ್ಲ. ಸಹಿ ಹಾಕುವ ಮೊದಲು ವಕೀಲರನ್ನು ಕೇಳುವ ಅಕ್ಕತಂಗಿಯರಿದ್ದಾರೆ, ಪಾಲು ಪಡೆದೂ ಭಾವೂಬೀಜ್‌ಗೆ ಹೋಗುವವರಿದ್ದಾರೆ, ಪಾಲು ಕೇಳಿದ್ದಕ್ಕೆ ತವರಿನ ಬಾಗಿಲು ಮುಚ್ಚಿಸಿಕೊಂಡವರೂ ಇದ್ದಾರೆ; ಯಾವ ಮನೆಯಲ್ಲಿ ಯಾವುದು ನಡೆಯುತ್ತದೆಂಬುದನ್ನು ತೀರ್ಮಾನಿಸುವುದು 2005ರ ತಿದ್ದುಪಡಿಗಿಂತ ಹೆಚ್ಚಾಗಿ ಆ ಮನೆ ಮಗಳನ್ನು ಕೊಟ್ಟ ದಿನ ಅವಳನ್ನು ಕಳಿಸಿಕೊಟ್ಟೆವೆಂದು ಭಾವಿಸಿತ್ತೋ, ಇನ್ನೊಂದು ಮನೆಯನ್ನು ಸೇರಿಸಿಕೊಂಡೆವೆಂದು ಭಾವಿಸಿತ್ತೋ ಎಂಬುದು.